ಸುಲಿಗೆ: ಕಳವಿಗೆ ಭಯ ಸೇರಿದಾಗ

ಗೌರಿ ಹಬ್ಬಕ್ಕೆ ಎರಡು ದಿನ ಇತ್ತು. ನಮ್ಮ ಚಿಕ್ಕಮ್ಮ ಮಾಟುಂಗದ ಮಾರ್ಕೆಟ್‌ನಲ್ಲಿ ಹೂವು, ಬಾಳೆ ಎಲೆ, ಅರಿಶಿನ ಕೊಂಬು ತಗೊಂಡು ಡೊಂಬಿವಲಿಗೆ ಹೋಗುವ ಲೋಕಲ್ ಹತ್ತಿದ್ದರು. ಬಾಗಿಲ ಕಂಬ ಹಿಡಿದು ನಿಂತಿದ್ದರು. ಗಾಡಿ ಹೊರಡುವ ಹೊತ್ತಿಗೆ ಒಬ್ಬ ಹುಡುಗ ಮೆಟ್ಟಿಲ ಮೇಲೆ ಕಾಲಿಟ್ಟ, ಕರಿಮಣಿ ಸರ ಕಿತ್ತುಕೊಂಡ, ಪ್ಲಾಟ್‌ಫಾರ್ಮಿಗೆ ಹಾರಿ ಓಡಿದ. ಅಷ್ಟೇ. ಹತ್ತು ಸೆಕೆಂಡೂ ಆಗಿರಲಿಕ್ಕಿಲ್ಲ.

ರೈಲ್ವೆ ಪೊಲೀಸರ ಹತ್ತಿರ ಅವರ ಜೊತೆ ನಾನೂ ಹೋಗಿದ್ದೆ. ಮೂವತ್ತು ವರ್ಷ ಮುಂಬಯಿಯಲ್ಲಿದ್ದು ಚಿಕ್ಕಮ್ಮನ ಮರಾಠಿ ಚೆನ್ನಾಗಿಯೇ ಇದೆ. ಆದರೆ ಗಾಬರಿಯಲ್ಲಿ ಬಾಯಿಗೆ ಬಂದದ್ದು ಕನ್ನಡದ ದರೋಡೆ. ಅದನ್ನೇ ಮರಾಠಿ ಮಾಡಿ 'ಸಾಹೇಬ್, ದರೋಡಾ ಪಡ್ಲಾ' ಅಂದರು. ಹವಾಲ್ದಾರರು ಪೆನ್ನು ಕೆಳಗಿಟ್ಟು ಕೇಳಿದರು: 'ಕಿತೀ ಜಣ ಹೋತೇ?' ಎಷ್ಟು ಜನ ಇದ್ದರು ಅಂತ. ಒಬ್ಬನೇ ಅಂದರು ಚಿಕ್ಕಮ್ಮ. 'ಮಗ್ ದರೋಡಾ ಕಸಾ?' ಅಂದರು ಅವರು. ಒಬ್ಬನೇ ಆದರೆ ದರೋಡೆ ಹೇಗಾಯ್ತು?

ಅವರು ಗೇಲಿ ಮಾಡಲಿಲ್ಲ. ಮರಾಠಿಯಲ್ಲಿ ದರೋಡಾ ಅಂದರೆ ಕಾನೂನಿನ ಲೆಕ್ಕದಲ್ಲಿ ಐದು ಅಥವಾ ಐದಕ್ಕಿಂತ ಜಾಸ್ತಿ ಜನ ಸೇರಿ ಮಾಡುವ ಡಕಾಯಿತಿ. ನಾವು ಕನ್ನಡದಲ್ಲಿ ದರೋಡೆ ಅನ್ನುವುದು ಬಹಳ ಸಡಿಲವಾದ ಮಾತು. ರಾತ್ರಿ ಯಾರೂ ಇಲ್ಲದಾಗ ಬ್ಯಾಂಕಿನ ಗೋಡೆ ಒಡೆದರೂ 'ಬ್ಯಾಂಕ್ ದರೋಡೆ' ಅಂತಲೇ ಪೇಪರಲ್ಲಿ ಬರುತ್ತದೆ. ಅದಕ್ಕೆ ನಮ್ಮಲ್ಲಿ ಕನ್ನ ಹಾಕುವುದು ಅನ್ನುವ ಒಳ್ಳೆಯ ಹಳೇ ಮಾತಿದೆ, ಮರಾಠಿಯವರು ಘರ್‌ಫೋಡಿ ಅನ್ನುತ್ತಾರೆ. ಎದುರಿಗೆ ಮನುಷ್ಯನೇ ಇಲ್ಲದ ಮೇಲೆ ಯಾರನ್ನು ಹೆದರಿಸಿದ ಹಾಗಾಯ್ತು, ಅಲ್ವಾ?

ಹಾಗಾದರೆ ಒಬ್ಬನೇ ಬಂದು ಹೆದರಿಸಿ ಕಿತ್ತುಕೊಂಡರೆ? ಅದು ಸುಲಿಗೆ. ಇಲ್ಲಿನ ಪೊಲೀಸ್ ಕಾಗದದಲ್ಲಿ 'ಜಬರೀ ಚೋರಿ' ಅಂತ ಇರುತ್ತದೆ. ಇಂಗ್ಲಿಷಿನವರ ರಾಬರಿ ಇದೇ. ಸುಲಿಯುವುದು ಅಂದರೆ ಸಿಪ್ಪೆ ತೆಗೆಯುವುದು. ತೆಂಗಿನಕಾಯಿ ಸುಲಿಯುತ್ತೇವೆ, ಬಾಳೆಹಣ್ಣು ಸುಲಿಯುತ್ತೇವೆ. ಸುಮ್ನೆ ಎತ್ತಿಕೊಂಡು ಹೋಗುವುದಕ್ಕೆ ಯಾರೂ ಸುಲಿಯುವುದು ಅನ್ನುವುದಿಲ್ಲ. ಆ ಪದದಲ್ಲೇ ಕೈಯ ಬಲ ಇದೆ. ನನಗೆ ಈ ಪದ ಬಹಳ ಸರಿ ಅನಿಸುತ್ತದೆ.

ಮೊದಲು ಕಳವು ಏನು ಅಂತ ನೋಡೋಣ. 1860ರ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಲಂಗಳ ನಂಬರು ಬದಲಾಯ್ತು, ಕಳವಿನ ಅರ್ಥ ಹೆಚ್ಚುಕಡಿಮೆ ಹಾಗೇ ಇದೆ. 303ನೇ ಕಲಂ ಹೇಳುವುದು ಇಷ್ಟು: ಇನ್ನೊಬ್ಬರ ವಶದಲ್ಲಿರುವ, ಎತ್ತಿ ಒಯ್ಯಬಹುದಾದ ವಸ್ತುವನ್ನು, ಅವರ ಒಪ್ಪಿಗೆ ಇಲ್ಲದೆ, ಮೋಸದ ಮನಸ್ಸಿನಿಂದ ತೆಗೆದುಕೊಳ್ಳಲು ಅದನ್ನು ಇದ್ದ ಜಾಗದಿಂದ ಕದಲಿಸುವುದು. ಮನೆಗೆ ಒಯ್ಯಬೇಕೆಂದೇನೂ ಇಲ್ಲ. ಕದಲಿಸಿದ ಗಳಿಗೆಯಲ್ಲೇ ಕಳವು ಮುಗಿಯಿತು. ಜಾಗ ಕದಿಯಲು ಆಗುವುದಿಲ್ಲ, ಆದರೆ ಅದರಲ್ಲಿರುವ ಮರ ಕಡಿದು ಬೀಳಿಸಿದರೆ ಆ ಮರ ಕಳವಿನ ಮಾಲಾಗುತ್ತದೆ. ಇನ್ನೊಂದು ವಿಷಯ ಜನಕ್ಕೆ ಗೊತ್ತಿರುವುದಿಲ್ಲ. ಕಾನೂನು ನೋಡುವುದು ವಸ್ತು ಯಾರದು ಅಂತ ಅಲ್ಲ, ಯಾರ ವಶದಲ್ಲಿತ್ತು ಅಂತ. ರಿಪೇರಿ ದುಡ್ಡಿಗಾಗಿ ಅಂಗಡಿಯವನು ಹಿಡಿದಿಟ್ಟುಕೊಂಡ ನಿಮ್ಮದೇ ವಾಚನ್ನು, ಆ ದುಡ್ಡು ತಪ್ಪಿಸಲು ಮೆಲ್ಲಗೆ ಎತ್ತಿಕೊಂಡು ಬಂದರೆ ಅದೂ ಕಳವೇ.

ಕಳವಿನ ಉದ್ದಕ್ಕೂ ಎದುರಿನ ಮನುಷ್ಯನಿಗೆ ಏನೂ ಆಗಿರುವುದಿಲ್ಲ. ಜೇಬು ಖಾಲಿ, ಮೈ ಕ್ಷೇಮ. ಸುಲಿಗೆಯಲ್ಲಿ ಕೈ ವಸ್ತುವಿನ ಮೇಲಷ್ಟೇ ಅಲ್ಲ, ಮನುಷ್ಯನ ಮೇಲೂ ಬೀಳುತ್ತದೆ. 309ನೇ ಕಲಂ ಪ್ರಕಾರ ಪ್ರತಿ ಸುಲಿಗೆಯ ಹೊಟ್ಟೆಯಲ್ಲಿ ಒಂದು ಕಳವು ಇರುತ್ತದೆ, ಇಲ್ಲವೇ ಒಂದು ಖಂಡಣಿ (ಹೆದರಿಸಿ ಮಾಡುವ ವಸೂಲಿ) ಇರುತ್ತದೆ. ಕಳವು ಮಾಡಲಿಕ್ಕಾಗಿ, ಮಾಡುವಾಗ, ಅಥವಾ ಮಾಲು ಒಯ್ಯುವಾಗ, ಆ ಕೆಲಸ ಆಗಲಿ ಅಂತಲೇ ಯಾರನ್ನಾದರೂ ಕೊಂದರೆ, ನೋಯಿಸಿದರೆ, ಅಡ್ಡಗಟ್ಟಿ ತಡೆದರೆ, ಅಥವಾ ಅದಕ್ಕೆ ಪ್ರಯತ್ನಪಟ್ಟರೆ, ಕಳವು ಸುಲಿಗೆ ಆಗುತ್ತದೆ. 'ಈಗಲೇ ಮಾಡುತ್ತೇನೆ' ಅನ್ನುವ ಭಯ ಹುಟ್ಟಿಸಿದರೂ ಸಾಕು.

ಮುಂಬಯಿಯವರಿಗೆ ಇದು ಅರ್ಥವಾಗಲು 'ಫಟ್ಕಾ' ಅನ್ನುವ ಒಂದು ಮಾತು ಸಾಕು. ಲೋಕಲ್ ಬಾಗಿಲಲ್ಲಿ ನಿಂತು ಫೋನ್ ನೋಡುತ್ತಿರುತ್ತೀರಿ. ಹಳಿ ಪಕ್ಕದ ಕಂಬದ ಹತ್ತಿರ ಒಬ್ಬ ಕೋಲು ಹಿಡಿದು ಕಾಯುತ್ತಿರುತ್ತಾನೆ. ಗಾಡಿ ನಿಧಾನವಾದಾಗ ಮಣಿಕಟ್ಟಿಗೆ ಒಂದು ಏಟು. ಫೋನ್ ಕೆಳಗೆ, ಅವನು ಎತ್ತಿಕೊಂಡು ಓಟ. ಅವನು ನಿಮ್ಮ ಕೈಯಿಂದ ಏನೂ ಕಿತ್ತುಕೊಳ್ಳಲಿಲ್ಲ, ಬಿದ್ದದ್ದನ್ನು ಎತ್ತಿಕೊಂಡ. ಆದರೆ ಆ ಏಟು ಬಿದ್ದದ್ದೇ ಫೋನಿಗಾಗಿ. ಹಾಗಾಗಿ ಅದು ಸುಲಿಗೆ. ಇಂಥ ಏಟಿಗೆ ಆಯ ತಪ್ಪಿ ಹಳಿಗೆ ಬಿದ್ದು ಕೈಕಾಲು, ಜೀವ ಕಳಕೊಂಡವರಿದ್ದಾರೆ. ಇದನ್ನು 'ಮೊಬೈಲ್ ಕಳವು' ಅಂತ ಹಗುರವಾಗಿ ಹೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

'ಆ ಕೆಲಸ ಆಗಲಿ ಅಂತಲೇ' ಅನ್ನುವುದು ಮುಖ್ಯ. ಒಬ್ಬ ಹೋಟೆಲಿನ ಗಲ್ಲಾದಿಂದ ದುಡ್ಡು ಎತ್ತಿಕೊಂಡು ಓಡುತ್ತಾನೆ ಅಂದುಕೊಳ್ಳಿ. ಸಪ್ಲೈಯರ್ ಹುಡುಗರು ಅಟ್ಟಿಸಿಕೊಂಡು ಹೋಗುತ್ತಾರೆ. ದುಡ್ಡು ಕಂಕುಳಲ್ಲಿ ಇಟ್ಟುಕೊಂಡೇ ಅವನು ಕಲ್ಲು ಬೀಸಿದರೆ ಸುಲಿಗೆ, ಯಾಕೆಂದರೆ ಆ ಕಲ್ಲು ಮಾಲು ಉಳಿಸಿಕೊಳ್ಳಲು. ದುಡ್ಡು ಅಲ್ಲೇ ಬಿಸಾಕಿ, ಸಿಕ್ಕಿಬೀಳಬಾರದು ಅಂತ ಮಾತ್ರ ಕಲ್ಲು ಬೀಸಿದರೆ ಕಳವು ಬೇರೆ, ಹಲ್ಲೆ ಬೇರೆ. ಕಲ್ಲು ಅದೇ, ಗಾಯವೂ ಅದೇ ಇರಬಹುದು.

ಇನ್ನು ಖಂಡಣಿ. ಅಂದರೆ ಹೆದರಿಸಿ ವಸೂಲಿ ಮಾಡುವುದು, 308ನೇ ಕಲಂ. 1990ರ ದಶಕದಲ್ಲಿ ಇಲ್ಲಿ ಹೋಟೆಲ್ ನಡೆಸುತ್ತಿದ್ದ ನಮ್ಮವರಿಗೆ ಈ ಪದ ಬಿಡಿಸಿ ಹೇಳಬೇಕಿಲ್ಲ. ಭೂಗತರ ಫೋನು ಬರುತ್ತಿತ್ತು, 'ಇಷ್ಟು ಕಳಿಸು, ಇಲ್ಲಾಂದ್ರೆ ನೋಡ್ಕೋತೀವಿ' ಅಂತ. ಅಂಥ ಗ್ಯಾಂಗುಗಳಿಗಾಗಿಯೇ ಮಹಾರಾಷ್ಟ್ರ 1999ರಲ್ಲಿ ಮೋಕಾ ಕಾಯ್ದೆ ತಂದಿತು. ಆ ಫೋನು ಎಷ್ಟೇ ಭಯಂಕರವಾಗಿರಲಿ, ಅದು ಸುಲಿಗೆ ಅಲ್ಲ. ಹೆದರಿಸುವವನು ಎದುರಿಗಿಲ್ಲ, ಭಯ ಈ ಗಳಿಗೆಯದ್ದಲ್ಲ, ಕೊಡುವುದೂ ನಾಳೆ. ಅದೇ ಮನುಷ್ಯ ಗಲ್ಲಾ ಮುಂದೆ ನಿಂತು ಚಾಕು ತೋರಿಸಿ ಆಗಲೇ ಈಸಿಕೊಂಡರೆ ಸುಲಿಗೆ. ಕಾನೂನು ಕೊಡುವ ಉದಾಹರಣೆ ಇನ್ನೂ ಚೆನ್ನಾಗಿದೆ. ದಾರಿಯಲ್ಲಿ ಮಗುವನ್ನು ಹಿಡಿದು 'ಪರ್ಸ್ ಕೊಡು, ಇಲ್ಲಾಂದ್ರೆ ಈ ಕಮರಿಗೆ ಎಸೀತೀನಿ' ಅಂದರೆ ಸುಲಿಗೆ. 'ನಿನ್ನ ಮಗು ನಮ್ಮ ಗ್ಯಾಂಗ್ ಹತ್ತಿರ ಇದೆ, ಹತ್ತು ಸಾವಿರ ಕಳಿಸು' ಅಂದರೆ ಖಂಡಣಿ. ಭಯ ಎರಡರಲ್ಲೂ ಇದೆ. ಮೊದಲನೆಯದರಲ್ಲಿ ಯೋಚನೆ ಮಾಡಲು ಒಂದು ಉಸಿರಿನಷ್ಟೂ ಸಮಯ ಇಲ್ಲ.

ಶಿಕ್ಷೆಯಲ್ಲೂ ಅಂತರ ದೊಡ್ಡದು. ಸಾದಾ ಕಳವಿಗೆ 3 ವರ್ಷದವರೆಗೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು, ಮೊದಲ ಸಲದ ತಪ್ಪು, ಮಾಲು ವಾಪಸ್ ಕೊಟ್ಟಿದ್ದರೆ ಸಮುದಾಯ ಸೇವೆ. ಮನೆಯೊಳಗಿನ ಅಥವಾ ಬಸ್ಸು, ರೈಲಿನಂಥ ವಾಹನದೊಳಗಿನ ಕಳವಿಗೆ 7 ವರ್ಷದವರೆಗೆ. ಸುಲಿಗೆಗೆ 10 ವರ್ಷದವರೆಗೆ ಕಠಿಣ ಜೈಲು. ಸೂರ್ಯ ಮುಳುಗಿ ಹುಟ್ಟುವುದರೊಳಗೆ ಹೆದ್ದಾರಿಯಲ್ಲಿ ಮಾಡಿದ್ದರೆ 14. ಸುಲಿಗೆಯಲ್ಲಿ ಬೇಕೆಂದೇ ಗಾಯ ಮಾಡಿದ್ದರೆ ಜೀವಾವಧಿಯೂ ಆಗಬಹುದು. ಐದು ಜನ ಸೇರಿದರೆ 310ನೇ ಕಲಂ, ಡಕಾಯಿತಿ. ಗಲ್ಲಿಯ ಬಾಯಲ್ಲಿ ಕಾವಲು ನಿಂತವನೂ ಆ ಐದರ ಲೆಕ್ಕಕ್ಕೆ ಸೇರುತ್ತಾನೆ.

ಸರ ಕೀಳುವುದು ಕಳವು, ಸುಲಿಗೆ ಈ ಎರಡರ ನಡುವೆ ಸಿಕ್ಕಿಕೊಂಡಿತ್ತು. ಹಳೇ ಸಂಹಿತೆಯಲ್ಲಿ ಅದಕ್ಕೆ ಬೇರೆ ಹೆಸರೇ ಇರಲಿಲ್ಲ. ಕೆಲವರು ಕಳವು ಅಂತ ಬರೆದುಕೊಳ್ಳುತ್ತಿದ್ದರು, ಕೆಲವರು ಸುಲಿಗೆ ಅಂತ. ಈಗ 304ನೇ ಕಲಂ ಇದೆ: ಥಟ್ಟನೆ ಅಥವಾ ಬಲವಂತದಿಂದ ಕಸಿದುಕೊಂಡರೆ ಅದು 'ಕಸಿಯುವಿಕೆ', ಶಿಕ್ಷೆ 3 ವರ್ಷದವರೆಗೆ. ಒಳ್ಳೆಯ ಹೆಜ್ಜೆಯೇ. ಆದರೆ ಒಂದು ಅಪಾಯವೂ ಇದೆ ಅಂತ ನನಗನಿಸುತ್ತದೆ. ಹೆಣ್ಣುಮಕ್ಕಳ ಕುತ್ತಿಗೆಗೆ ಕೈ ಹಾಕಿದ್ದೆಲ್ಲ ಕಣ್ಣುಮುಚ್ಚಿ ಇದೇ ಕಲಂಗೆ ಹೋಗಿಬಿಡಬಹುದು. ಕಸಿಯುವಾಗ ಬೇಕೆಂದೇ ಹೊಡೆದಿದ್ದರೆ, ತಳ್ಳಿದ್ದರೆ, ಹಿಡಿದು ನಿಲ್ಲಿಸಿದ್ದರೆ ಅದು 304ನ್ನು ದಾಟಿ 309ಕ್ಕೆ ಹೋಗಬೇಕು. ಅದು ಹೋಗುವುದು ನಾವು ಹೇಳಿದರೆ ಮಾತ್ರ.

ಹಾಗಾಗಿ ದೂರು ಕೊಡುವಾಗ ಅಪರಾಧದ ಹೆಸರು ನಾವು ಇಡುವುದು ಬೇಡ. ಮೊದಲು ಏನಾಯ್ತು, ಆಮೇಲೆ ಏನಾಯ್ತು, ಅವನ ಕೈ ಎಲ್ಲಿತ್ತು, ಏನಂದ, ಅಷ್ಟು ಹೇಳಿ. ಘಟನೆ ಯಾವ ಠಾಣೆಯ ಹದ್ದಿನಲ್ಲಿ ಆಗಿದ್ದರೂ ಹತ್ತಿರದ ಠಾಣೆಯಲ್ಲಿ ಎಫ್‌ಐಆರ್ ಕೊಡಬಹುದು, ಅದರ ಪ್ರತಿ ಪುಕ್ಕಟೆ. ಎರಡೂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ, ಅಂದರೆ ಅಪರಾಧದ ದೂರು, ತನಿಖೆ, ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ಕಾಯ್ದೆಯ, 173ನೇ ಕಲಂನಲ್ಲಿವೆ.

ಹವಾಲ್ದಾರರು ಚಿಕ್ಕಮ್ಮನಿಗೆ ನೀರು ತರಿಸಿಕೊಟ್ಟು, 'ತಾಯಿ, ಮೊದಲಿಂದ ಹೇಳಿ' ಅಂತ ಮರಾಠಿಯಲ್ಲೇ ಹೇಳಿದರು. ಚಿಕ್ಕಮ್ಮ ಎದ್ದು ನಿಂತರು. ಅಲ್ಲಿನ ಕಿಟಕಿಯ ಸರಳನ್ನೇ ಕಂಬ ಅಂದುಕೊಂಡು ಬಲಗೈಯಲ್ಲಿ ಹಿಡಿದು ತೋರಿಸಿದರು. 'ನಾನು ಹೀಗೆ ನಿಂತಿದ್ದೆ. ಅವನು ಒಂದು ಕೈಯಲ್ಲಿ ನನ್ನ ಈ ಕೈಯನ್ನು ಕಂಬಕ್ಕೆ ಒತ್ತಿ ಹಿಡಿದ. ಬಿಡಿಸಿಕೊಳ್ಳಲು ಆಗಲಿಲ್ಲ. ಇನ್ನೊಂದು ಕೈಯಲ್ಲಿ ಸರ ಎಳೆದ.' ಅಲ್ಲಿಯವರೆಗೆ ಇದನ್ನು ನನಗೂ ಹೇಳಿರಲಿಲ್ಲ. ಬಳೆ ಸರಿಸಿದಾಗ ಮಣಿಕಟ್ಟಿನಲ್ಲಿ ನಾಲ್ಕು ಬೆರಳಿನ ಗುರುತು ನೀಲಿಗಟ್ಟಿತ್ತು. ಹವಾಲ್ದಾರರು ಅದನ್ನು ನೋಡಿದರು, ಅರ್ಧ ಬರೆದಿದ್ದ ಹಾಳೆ ಪಕ್ಕಕ್ಕಿಟ್ಟರು, ಹೊಸ ಹಾಳೆ ತಗೊಂಡು ಮೇಲುಗಡೆ 'ಜಬರೀ ಚೋರಿ' ಅಂತ ಬರೆದರು.