ಹಿಂದೆ ಕುಂತ ಅಂಬಾಸಿಡರ್

ನಮ್ಮ ಮನೆಯ ಅಂಬಾಸಿಡರ್ ಎರಡು ವರ್ಷ ಊಟ ಜಾಸ್ತಿಯಾಗಿ ಗೋಡೆಗೆ ಒರಗಿ ಕುಂತ ಹಿರಿಯರ ಹಾಗೆ ಕಾಣುತ್ತಿತ್ತು. ಡಿಕ್ಕಿಯಲ್ಲಿ ಸ್ಟೆಪ್ನಿ ಬಿಟ್ಟರೆ ಏನೂ ಇರಲಿಲ್ಲ. ಆದರೂ ಮೂತಿ ಮೇಲೆ, ಹಿಂಭಾಗ ಕೆಳಗೆ. ರಾತ್ರಿ ಧಾರವಾಡದಿಂದ ಹುಬ್ಬಳ್ಳಿಗೆ ಹೊರಟರೆ ಎದುರಿನವರೆಲ್ಲ ನನಗೆ ಡಿಪ್ಪರ್ ಹೊಡೆಯುತ್ತಿದ್ದರು. ನಾನು ಡಿಮ್ ಹಾಕಿಕೊಂಡೇ ಬರುತ್ತಿದ್ದೆ. ತಪ್ಪು ಲೈಟಿನದಲ್ಲ. ಹಿಂದೆ ಕಮಾನು, ಅಂದರೆ ಗಾಡಿಯನ್ನು ಹೊರುವ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು, ಕುಸಿದು ದೀಪಗಳೆರಡೂ ಮರದ ತುದಿ ನೋಡುತ್ತಿದ್ದವು.

ಇದು ನಮ್ಮ ಕಾಕಾನ ಗಾಡಿ. ಬ್ಯಾಡಗಿ ಮಾರುಕಟ್ಟೆಗೆ ವರ್ಷಗಟ್ಟಲೆ ಓಡಾಡಿದೆ. ಒಣ ಮೆಣಸಿನಕಾಯಿ ಹಗುರ ಬಿಡಿ, ಆದರೆ ವಾಪಸ್ ಬರುವಾಗ ಡಿಕ್ಕಿಗೆ ಬೀಳುತ್ತಿದ್ದ ಶೇಂಗಾ, ಜೋಳದ ಚೀಲಗಳು ಹಗುರ ಅಲ್ಲ.

ಮೊದಲು ಹೋದ ಗ್ಯಾರೇಜಿನಲ್ಲಿ ಹಿಂದಿನ ಎರಡೂ ಶಾಕಪ್ (ಶಾಕ್ ಅಬ್ಸಾರ್ಬರ್) ಬದಲಾಯಿಸಿದರು. ದುಡ್ಡು ಹೋಯಿತು, ಗಾಡಿ ಒಂದು ಬೆರಳೂ ಏಳಲಿಲ್ಲ. ಏಳುವುದೂ ಇಲ್ಲ. ಗಾಡಿಯ ಭಾರ ಹೊರುವುದು ಕಮಾನು. ಅದರ ಕುಣಿತ ನಿಲ್ಲಿಸುವುದಷ್ಟೇ ಶಾಕಪ್ಪಿನ ಕೆಲಸ. ಎರಡನೇ ಸಲ ಅದೇ ಗ್ಯಾರೇಜಿನವರು ಹಳೆ ಜೀಪಿನ ದಪ್ಪ ಪಾಟಾ, ಅಂದರೆ ಕಮಾನಿನ ಪಟ್ಟಿ, ಎರಡೂ ಕಡೆ ಒಂದೊಂದು ಸೇರಿಸಿದರು. ಗಾಡಿ ಎದ್ದು ನಿಂತಿತು. ಆದರೆ ಉಣಕಲ್ ದಾಟುವಷ್ಟರಲ್ಲಿ ನನ್ನ ಹೆಂಡತಿ, "ಟ್ರ್ಯಾಕ್ಟರ್ ಟ್ರೇಲರ್‌ನ್ಯಾಗ ಕುಂತಂಗ ಆಗಾಕತ್ತೇತಿ" ಅಂದಳು.

ಕೊನೆಗೆ ಗೋಕುಲ ರಸ್ತೆ ಕಡೆ ಒಬ್ಬ ಹಳೆ ಮಿಸ್ತ್ರಿ ಸಿಕ್ಕರು. ಎಲ್ಲರೂ ಚಾಚಾ ಅಂತಾರೆ. ಅವರು ಬಗ್ಗಿ ಒಂದು ಸಲ ನೋಡಿ, "ಪಾಟಾ ಮೆತ್ತಗಾಗಿಲ್ರಿ ಸರ್. ತನ್ನ ಬಾಗು ಮರ್ತೇತಿ, ಅಷ್ಟ" ಅಂದರು.

ಮೆತ್ತಗಾಗಿಲ್ಲ ಅನ್ನುವ ಮಾತು ನನಗೆ ಅಲ್ಲೇ ಅರ್ಥ ಆಗಲಿಲ್ಲ. ಅರ್ಥ ಮಾಡಿಸಿದ್ದು ಅಡುಗೆಮನೆಯ ಚಿಮಟಾ. ಒಂದೇ ಉಕ್ಕಿನ ಪಟ್ಟಿಯನ್ನು ಮಡಚಿ ಮಾಡಿದ ಚಿಮಟಾ ನಿಮ್ಮ ಮನೆಯಲ್ಲೂ ಇರುತ್ತದೆ. ಸ್ವಲ್ಪ ಒತ್ತಿ ಬಿಟ್ಟರೆ ಮೊದಲಿನ ಹಾಗೇ ತೆರೆಯುತ್ತದೆ. ಎಷ್ಟು ಬಲ ಹಾಕುತ್ತೀರೋ ಅಷ್ಟಕ್ಕೆ ತಕ್ಕ ಬಾಗು. 1678ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಅಚ್ಚು ಹಾಕಿಸಿದ ನಿಯಮ ಇದೇ. ಆದರೆ ಭಾರದ ಪಾತ್ರೆ ಎತ್ತಲು ಹೋಗಿ ಗಟ್ಟಿಯಾಗಿ ಒತ್ತಿದಿರಿ ಅನ್ನಿ, ಚಿಮಟಾದ ಬಾಯಿ ಸಣ್ಣದಾಗಿಯೇ ಉಳಿಯುತ್ತದೆ. ಉಕ್ಕಿನ ಒಳಗಿನ ಪರಮಾಣು ಸಾಲುಗಳು ಒಂದರ ಮೇಲೊಂದು ಜಾರಿ ಹೊಸ ಜಾಗದಲ್ಲಿ ಕುಂತುಬಿಟ್ಟಿವೆ. ಈಗ ಅದನ್ನೇ ಮತ್ತೆ ಒತ್ತಿ ನೋಡಿ. ಒಂದು ಬೆರಳಿನಷ್ಟು ಬಾಗಿಸಲು ಮೊದಲು ಎಷ್ಟು ಬಲ ಬೇಕಿತ್ತೋ ಈಗಲೂ ಅಷ್ಟೇ ಬೇಕು! ಬಿಗಿ ಹೋಗಿಲ್ಲ, ಆಕಾರ ಹೋಗಿದೆ. ಕೈಯಿಂದ ಅಗಲಿಸಿದರೆ ಚಿಮಟಾ ಮತ್ತೆ ಕೆಲಸಕ್ಕೆ ಬರುತ್ತದೆ.

ಕಾರಿನ ಕಮಾನೂ ಹಾಗೆಯೇ. ಉಕ್ಕು ಎಷ್ಟು ಬಗ್ಗದೆ ನಿಲ್ಲುತ್ತದೆ ಅನ್ನುವ ಗುಣ ವಯಸ್ಸಿನಿಂದ ಹೆಚ್ಚುಕಡಿಮೆ ಬದಲಾಗುವುದಿಲ್ಲ. ತುಕ್ಕು ಹಿಡಿದು ತೆಳ್ಳಗಾಗಿದ್ದರೆ, ಇಲ್ಲವೇ ಪಾಟಾ ಬಿರುಕು ಬಿಟ್ಟಿದ್ದರೆ ಮಾತು ಬೇರೆ. ಅದನ್ನು ಎಸೆಯಬೇಕು, ಚೌಕಾಸಿ ಇಲ್ಲ.

ಹಾಗಾದರೆ ಪಾಟಾ ಸೇರಿಸಿದ್ದು ಯಾಕೆ ತಪ್ಪು? ಪಟ್ಟಿಯ ದಪ್ಪ ಎರಡರಷ್ಟಾದರೆ ಅದರ ಬಿಗಿ ಎಂಟರಷ್ಟಾಗುತ್ತದೆ. ಎರಡೆರಡ್ಲೆ ನಾಲ್ಕು, ನಾಲ್ಕೆರಡ್ಲೆ ಎಂಟು ಅನ್ನುವ ಲೆಕ್ಕ ಅದು. ಹಳೆ ಜೀಪಿನ ಒಂದೇ ಪಾಟಾ ನನ್ನ ಗಾಡಿಯ ಎಷ್ಟೋ ತೆಳು ಪಟ್ಟಿಗಳ ಕೆಲಸವನ್ನು ತಾನೊಬ್ಬನೇ ಮಾಡಲು ಹೊರಟಿತ್ತು. ಗಾಡಿಯ ಭಾರಕ್ಕೆ ಕಮಾನು 16 ಸೆಂಟಿಮೀಟರ್ ತಗ್ಗುವಂತಿದ್ದರೆ ಗಾಡಿ ಸೆಕೆಂಡಿಗೆ ಸುಮಾರು 1.25 ಸಲ ತೂಗುತ್ತದೆ, ತೊಟ್ಟಿಲಿನ ಹಾಗೆ. ಬರೀ 4 ಸೆಂಟಿಮೀಟರ್ ತಗ್ಗಿದರೆ 2.5 ಸಲ. ಕೂತವರ ಮೈಗೆ ತುಂಬಾ ತೊಂದರೆ ಕೊಡುವುದು ಸೆಕೆಂಡಿಗೆ 4ರಿಂದ 8 ಸಲದ ಅಲುಗಾಟ. ಕಮಾನು ಬಿಗಿ ಮಾಡಿದಷ್ಟೂ ನಾವು ಅದರ ಹತ್ತಿರ ಹೋಗುತ್ತೇವೆ. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಿಂದ ಬಂದ ಅಂಬಾಸಿಡರ್ 2014ರವರೆಗೆ ತಯಾರಾಯಿತು. ಅಷ್ಟು ವರ್ಷ ಜನ ಅದನ್ನು ಸೋಫಾ ಅಂದದ್ದು ಸುಮ್ನೆ ಅಲ್ಲ.

ಚಾಚಾ ಮೊದಲು ತೆಗೆದದ್ದು ಅಳತೆ. ಸಮತಟ್ಟಾದ ನೆಲ, ನಾಲ್ಕೂ ಟೈರಿಗೆ ಸರಿಯಾದ ಗಾಳಿ, ಡಿಕ್ಕಿ ಖಾಲಿ. ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಟೇಪು ಹಿಡಿದರೆ ಬಲಗಡೆ ಎಡಕ್ಕಿಂತ ಎರಡೂವರೆ ಸೆಂಟಿಮೀಟರ್ ಕಡಿಮೆ ಬಂತು. ಕಾಕಾ ಕೂರುತ್ತಿದ್ದದ್ದು ಬಲಗಡೆ. ಅವರ ತೂಕದ ಬಗ್ಗೆ ಇಲ್ಲಿ ಬರೆದರೆ ಮನೆಯಲ್ಲಿ ಜಗಳ.

ಗಾಡಿಯ ಮೈಗೆ ಕೆಳಗಿನಿಂದ ಗಟ್ಟಿ ಸ್ಟ್ಯಾಂಡ್ ಕೊಟ್ಟು ಕಮಾನು ಬಿಚ್ಚಿದರು. ಬರೀ ಜಾಕ್ ನಂಬಿ ಗಾಡಿ ಕೆಳಗೆ ತೂರುವುದು ಬೇಡವೇ ಬೇಡ. ಆಮೇಲೆ ಪಾಟಾ ಕಟ್ಟನ್ನು ವೈಸ್‌ನಲ್ಲಿ ಬಿಗಿದು ನಡುವಿನ ಬೋಲ್ಟ್ ಸಡಿಲಿಸಿದರು. ವೈಸ್ ನಿಧಾನ ತಿರುಗಿದ ಹಾಗೆ ಪಟ್ಟಿಗಳು ಕಿರ್ರ್ ಎಂದು ಒಂದರಿಂದೊಂದು ಬಿಡಿಸಿಕೊಂಡವು. ನಡುವೆ ಕೆಂಪು ತುಕ್ಕಿನ ಪುಡಿ. ಒಂದರ ತುದಿ ಇನ್ನೊಂದರ ಮೇಲೆ ಉಜ್ಜಿ ಮಾಡಿದ ಗೀರು ಉಗುರಿಗೆ ತಾಗುವಷ್ಟು ಆಳವಿತ್ತು.

ಒಂದೇ ದಪ್ಪ ಪಟ್ಟಿ ಬಿಟ್ಟು ಇಷ್ಟೊಂದು ತೆಳು ಪಟ್ಟಿ ಯಾಕೆ? ನೂರು ಪುಟದ ನೋಟ್‌ಬುಕ್ ಬಗ್ಗಿಸಿ ನೋಡಿ. ಹಾಳೆಗಳು ಒಂದರ ಮೇಲೊಂದು ಜಾರುವುದರಿಂದ ಸಲೀಸಾಗಿ ಬಗ್ಗುತ್ತದೆ. ಅದೇ ಹಾಳೆಗಳನ್ನು ಅಂಟಿಸಿದರೆ ಹಲಗೆ. ತೆಳು ಪಟ್ಟಿ ಹೆಚ್ಚು ಬಗ್ಗಿದರೂ ಅದರ ಮೈಮೇಲೆ ಎಳೆತ ಕಡಿಮೆ. ಮೇಲಾಗಿ ಆ ಜಾರಾಟದ ಉಜ್ಜಾಟವೇ ಒಂದಿಷ್ಟು ಕುಣಿತ ನುಂಗುತ್ತದೆ. ಹಿಂದೆ ಹುಬ್ಬಳ್ಳಿಯ ಟಾಂಗಾಗಳು ಶಾಕಪ್ ಇಲ್ಲದೆ ಓಡಿದ್ದು ಹಾಗೇ.

ಈಗ ಬಾಗು ಕೊಡುವ ಕೆಲಸ. ಗ್ಯಾಸ್ ಟಾರ್ಚಿನಿಂದ ಕೆಂಪಗೆ ಕಾಯಿಸಿ ಬಗ್ಗಿಸಿದರೆ ಬೇಗ ಆಗಲ್ವಾ ಅಂತ ಕೇಳಿದೆ. ಚಾಚಾ ನನ್ನನ್ನು ನೋಡಿದ ರೀತಿಗೆ ಕೇಳಬಾರದಿತ್ತು ಅನ್ನಿಸಿತು. ಕಮಾನಿನ ಉಕ್ಕಿಗೆ ಶಕ್ತಿ ಬರುವುದು ಕಾರ್ಖಾನೆಯಲ್ಲಿ ಅದನ್ನು ಸುಮಾರು 850ರಿಂದ 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಕಡಿಮೆ ಶಾಖದಲ್ಲಿ ಹದ ಮಾಡಿದಾಗ. ಟಾರ್ಚಿನಲ್ಲಿ ಕಾಯಿಸಿ ಸುಮ್ನೆ ಆರಲು ಬಿಟ್ಟರೆ ಆ ಹದ ಹೋಯಿತು. ಬಿಗಿ ಆಗಲೂ ಅಷ್ಟೇ ಇರುತ್ತದೆ, ಆದರೆ ಬಾಗಿದ ಮೇಲೆ ವಾಪಸ್ ಬರುವ ತಾಕತ್ತು ಇರುವುದಿಲ್ಲ.

ಹಾಗಾಗಿ ತಣ್ಣಗೇ ಬಡಿದರು. ತಗ್ಗಿರುವ ದಿಮ್ಮಿ ಮೇಲೆ ಪಟ್ಟಿ ಅಡ್ಡ ಇಟ್ಟು, ಬಾಗಿನ ಒಳಗಡೆಯಿಂದ ಸುತ್ತಿಗೆ ಏಟು. ಒಂದು ಏಟು, ಎರಡು ಬೆರಳು ಸರಿಸು, ಇನ್ನೊಂದು ಏಟು. ನಡುನಡುವೆ ಪಟ್ಟಿಯ ಎರಡು ತುದಿಗೆ ದಾರ ಹಿಡಿದು, ದಾರಕ್ಕೂ ಪಟ್ಟಿಗೂ ನಡುವೆ ಎಷ್ಟು ಬೆರಳು ಅಂತ ನೋಡುತ್ತಿದ್ದರು. ಜೀಪಿನ ಪಾಟಾ ಮೂಲೆ ಸೇರಿತು.

ಬೇಕಾದದ್ದಕ್ಕಿಂತ ಬಾಗು ಜಾಸ್ತಿ ಕೊಟ್ಟರು. ಆಮೇಲೆ ಕಟ್ಟನ್ನು ಜೋಡಿಸಿ ಪ್ರೆಸ್ಸಿನಲ್ಲಿ ಚಪ್ಪಟೆಯಾಗುವಷ್ಟು ನಾಲ್ಕೈದು ಸಲ ಒತ್ತಿದರು. ಮಾಡಿದ್ದನ್ನೆಲ್ಲ ಹಾಳು ಮಾಡಿದರು ಅನ್ನಿಸಿತು ನನಗೆ. ಆದರೆ ಇದೇ ಈ ಕೆಲಸದ ಜಾಣತನ. ಉಕ್ಕನ್ನು ಒಂದು ದಿಕ್ಕಿಗೆ ಬಲವಂತವಾಗಿ ಬಗ್ಗಿಸಿದರೆ, ಎದುರು ದಿಕ್ಕಿಗೆ ಅದು ಬೇಗ ಸೋಲುತ್ತದೆ. ಬರೀ ಬಡಿದು ಕೂರಿಸಿದ್ದರೆ ಗಾಡಿಯ ಭಾರಕ್ಕೆ ತಿಂಗಳಲ್ಲೇ ಕುಸಿಯುತ್ತಿತ್ತು. ಮೊದಲೇ ಒತ್ತಿದರೆ ಕುಸಿಯಬೇಕಾದದ್ದು ಪ್ರೆಸ್ಸಿನಲ್ಲೇ ಕುಸಿಯುತ್ತದೆ. ಹೊಸ ಕಮಾನನ್ನು ಕಾರ್ಖಾನೆಯಲ್ಲೂ ಹೀಗೆಯೇ ಒತ್ತಿ ಕಳಿಸುತ್ತಾರೆ.

ಯು ಬೋಲ್ಟ್, ರಬ್ಬರ್ ಬುಷ್ ಹೊಸವು ಹಾಕಿದರು. ಕಮಾನಿನ ಕಣ್ಣಿನ, ಅಂದರೆ ಆ ಬುಷ್ ಕೂರುವ ತುದಿಯ ತೂತಿನ, ಬೋಲ್ಟನ್ನು ಮಾತ್ರ ಪೂರ್ತಿ ಬಿಗಿಯಲಿಲ್ಲ. ಗಾಡಿ ನೆಲಕ್ಕಿಳಿಸಿ, ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಆಮೇಲೆ ಕೆಳಗೆ ತೂರಿದರು. ಎತ್ತಿ ನಿಲ್ಲಿಸಿದಾಗಲೇ ಬಿಗಿದರೆ ಗಾಡಿ ಇಳಿದ ಕೂಡಲೇ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

"ಕಿಟಕಿ ಕಡೆ ಬ್ಯಾಡ್ರಿ, ನಡುವ ಕುಂದರ್ರಿ" ಅಂತ ಕೆಳಗಿನಿಂದ ಕೂಗಿದರು. ನಾನು ನಡುವೆ ಸರಿದು ಕೂತೆ. ಪಾನಾ ತಿರುಗುವ ಸದ್ದು ಸೀಟಿನ ಅಡಿಯಿಂದ ಕೇಳುತ್ತಿತ್ತು.