ಹಲಗೆ ಅದೇ, ಬೆಲೆ 45 ಪೌಂಡಿಂದ 45 ಕೋಟಿ ಡಾಲರ್

ಸಾಲ್ವಟೋರ್ ಮುಂಡಿ ಪೇಂಟಿಂಗ್ ನಿಜವಾಗ್ಲೂ ಲಿಯೊನಾರ್ಡೊ ಡಾ ವಿಂಚಿದಾ ಅಲ್ವಾ ಅನ್ನೋ ಜಗಳ ಎಷ್ಟು ಗೋಜಲಾಗಿದೆ ಅಂದ್ರೆ, ಮಧ್ಯದಲ್ಲಿ ಓದೋಕೆ ಶುರು ಮಾಡಿದೋರಿಗೆ ತಲೆಬುಡ ಗೊತ್ತಾಗಲ್ಲ.

ಅಗಲ ಒಂದು ಮೊಳ, ಎತ್ತರ ಒಂದೂವರೆ ಮೊಳದ ಅಕ್ರೋಟ್ ಮರದ ಹಲಗೆ. ಅದರ ಮೇಲೆ ಏಸು, ಬಲಗೈಲಿ ಆಶೀರ್ವಾದ, ಎಡಗೈಲಿ ಸ್ಫಟಿಕದ ಗೋಳ. 1500ರ ಆಸುಪಾಸಿನದು. 1900ರಲ್ಲಿ ಇಂಗ್ಲೆಂಡಿನ ಕುಕ್ ಮನೆತನದ ಸಂಗ್ರಹಕ್ಕೆ ಸೇರ್ತು, 1958ರಲ್ಲಿ ಲಂಡನ್ ಹರಾಜಲ್ಲಿ ಲಿಯೊನಾರ್ಡೊ ಶಿಷ್ಯ ಬೋಲ್ಟ್ರಾಫಿಯೊ ಹೆಸರಲ್ಲಿ 45 ಪೌಂಡಿಗೆ ಹೋಯ್ತು, ಆಮೇಲೆ ಅಮೆರಿಕದ ಲೂಸಿಯಾನಾದಲ್ಲಿ ಯಾರದೋ ಮನೇಲಿತ್ತು. 2005ರಲ್ಲಿ ನ್ಯೂ ಆರ್ಲಿಯನ್ಸ್ ಹರಾಜಲ್ಲಿ ಇಬ್ಬರು ವ್ಯಾಪಾರಿಗಳು 1,175 ಡಾಲರಿಗೆ ತಗೊಂಡ್ರು. ಇಷ್ಟು ವರ್ಷದಲ್ಲಿ ಅದರ ಮುಂದೆ ನಿಂತು ಕಣ್ಣೀರು ಹಾಕಿದೋರ ಸುದ್ದಿ ನಾನಂತೂ ಎಲ್ಲೂ ಓದಿಲ್ಲ.

ಹಳೇ ಬಣ್ಣದ ಮೇಲೆ ಯಾರ್ಯಾರೋ ಬಳಿದಿದ್ದನ್ನ ತೆಗೆದು ಡಯಾನ್ ಮೊಡೆಸ್ಟಿನಿ ರಿಪೇರಿ ಮಾಡಿದ್ರು. 2011ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿ ತನ್ನ ಪ್ರದರ್ಶನದಲ್ಲಿ ಇದನ್ನ ಲಿಯೊನಾರ್ಡೊ ಕೃತಿ ಅಂತಲೇ ತೂಗುಹಾಕ್ತು. ಅಲ್ಲಿಂದ ಆಟವೇ ಬೇರೆ. 2013ರಲ್ಲಿ ರಷ್ಯಾದ ಶ್ರೀಮಂತ ರಿಬೊಲೊವ್ಲೆವ್ ಕೊಟ್ಟಿದ್ದು 12.75 ಕೋಟಿ ಡಾಲರ್.

2017 ಮಾತ್ರ ನಿಧಾನವಾಗಿ ನೋಡ್ಬೇಕು. ಹರಾಜು ಕಂಪನಿ ಕ್ರಿಸ್ಟೀಸ್‌ನವರು ಇದನ್ನ ಹಳೇ ಚಿತ್ರಗಳ ಹರಾಜಲ್ಲಿ ಇಡಲೇ ಇಲ್ಲ, ಆಧುನಿಕ ಕಲೆಯ ಹರಾಜಲ್ಲಿಟ್ರು, ಯಾಕಂದ್ರೆ ದುಡ್ಡಿರೋರು ಬರೋದು ಅಲ್ಲಿಗೆ. ಹಾಂಗ್‌ಕಾಂಗ್, ಸ್ಯಾನ್ ಫ್ರಾನ್ಸಿಸ್ಕೊ, ಲಂಡನ್ ಎಲ್ಲಾ ಕಡೆ ದೇವರ ಉತ್ಸವಮೂರ್ತಿ ಥರ ಮೆರವಣಿಗೆ. ಆಮೇಲೆ ಒಂದು ವಿಡಿಯೋ ಬಿಟ್ರು, ಅದರಲ್ಲಿ ಚಿತ್ರನೇ ಇಲ್ಲ! ಚಿತ್ರ ನೋಡ್ತಿರೋ ಜನರ ಮುಖ ಅಷ್ಟೇ, ಒಬ್ಬರು ಬಾಯಿ ಬಿಟ್ಕೊಂಡು ನಿಂತಿದಾರೆ, ಇನ್ನೊಬ್ಬರ ಕಣ್ಣು ತುಂಬಿದೆ, ನಡುವೆ ನಟ ಡಿಕಾಪ್ರಿಯೊ. ಹಾಗೆ ಕಣ್ಣು ತುಂಬಿದ್ದು ಬಣ್ಣ ನೋಡಿನಾ, ಪಕ್ಕದಲ್ಲಿ ಬರೆದಿದ್ದ ಹೆಸರು ನೋಡಿನಾ? ನವೆಂಬರ್ 15ಕ್ಕೆ 19 ನಿಮಿಷ ಕೂಗಾಟ, ಕಮಿಷನ್ ಸೇರಿ 45.03 ಕೋಟಿ ಡಾಲರ್, ಅವತ್ತಿನ ಲೆಕ್ಕದಲ್ಲಿ ಸುಮಾರು 2,900 ಕೋಟಿ ರೂಪಾಯಿ.

ತಜ್ಞರ ವಾದ ಕೇಳಿದ್ರೆ ಇನ್ನೂ ಮಜಾ. ಗಟ್ಟಿ ಸ್ಫಟಿಕದ ಗೋಳ ಅಂದ್ಮೇಲೆ ಹಿಂದಿರೋ ಬಟ್ಟೆ ತಿರುಚಿ ಕಾಣ್ಬೇಕು, ಇಲ್ಲಿ ಕಾಣಲ್ಲ. ಲಿಯೊನಾರ್ಡೊ ಅಂತ ನಂಬಿದೋರಿಗೆ ಅದು ಬೇಕಂತ್ಲೇ ಬಿಟ್ಟಿದ್ದು, ಶಿಷ್ಯ ಅಂದೋರಿಗೆ ಬರೋಕೆ ಬರದೇ ಬಿಟ್ಟಿದ್ದು. ಆದ್ರೆ ಬಲಗೈ ಹೆಬ್ಬೆರಳನ್ನ ಮೊದಲು ಬೇರೆ ಜಾಗದಲ್ಲಿ ಬರೆದು ಆಮೇಲೆ ಬದಲಾಯಿಸಿದ ಗುರುತು ಬಣ್ಣದ ಕೆಳಗಿದೆ, ನಕಲು ಮಾಡೋನು ಹಾಗೆ ಯಾಕೆ ಮಾಡ್ತಾನೆ ಅನ್ನೋ ಪ್ರಶ್ನೆಯನ್ನ ಸುಮ್ನೆ ತಳ್ಳಿಹಾಕೋಕೂ ಆಗಲ್ಲ.

2018ರ ಸೆಪ್ಟೆಂಬರಲ್ಲಿ ಲೂವ್ರ್ ಅಬುಧಾಬಿ ಮ್ಯೂಸಿಯಂ ತೋರಿಸ್ತೀವಿ ಅಂದಿದ್ದು ಮುಂದಕ್ಕೆ ಹೋಯ್ತು, 2019ರಲ್ಲಿ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಮಾಡಿದ ಲಿಯೊನಾರ್ಡೊ ಪ್ರದರ್ಶನಕ್ಕೂ ಬರ್ಲಿಲ್ಲ, 2021ರಲ್ಲಿ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂ ತನ್ನ ಕ್ಯಾಟಲಾಗಲ್ಲಿ ಖುದ್ದು ಲಿಯೊನಾರ್ಡೊ ಕೃತಿಗಳ ಸಾಲಿಂದ ಇದನ್ನ ಹೊರಗಿಡ್ತು. ಆ ಹರಾಜಾದ್ಮೇಲೆ ಚಿತ್ರ ಸಾರ್ವಜನಿಕರ ಕಣ್ಣಿಗೆ ಬಿದ್ದಿಲ್ಲ. ಹಾಗಾಗಿ ಈಗ ಪರ-ವಿರೋಧ ಕಿತ್ತಾಡೋ ನಮ್ಮಂಥೋರೆಲ್ಲ ಮೊಬೈಲಲ್ಲಿ ಫೋಟೋ ಝೂಮ್ ಮಾಡ್ಕೊಂಡು ಹೆಬ್ಬೆರಳು ಹುಡುಕ್ತಿದೀವಿ.