ಬೂಟ್ ಆಗುವಾಗ ಯಾವ ಸೇವೆ ಮೊದಲು?

ಕಂಪ್ಯೂಟರ್ ಆನ್ ಮಾಡಿದಾಗ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ ಯಂತ್ರಾಂಶವನ್ನು ಅಣಿಗೊಳಿಸಿ, ಇನಿಟ್ ಎಂಬ ಮೊದಲ ಪ್ರೋಗ್ರಾಮನ್ನು ಓಡಿಸುತ್ತದೆ. ಉಳಿದ ಸೇವೆಗಳನ್ನು, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮುಗಳನ್ನು, ಯಾವ ಸರದಿಯಲ್ಲಿ ಎಬ್ಬಿಸಬೇಕೆಂಬುದು ಅಲ್ಲಿಂದ ಮುಂದಿನ ಪ್ರಶ್ನೆ. ಹಳೆಯ ಯೂನಿಕ್ಸ್‌ನಲ್ಲಿ ಆರ್‌ಸಿ ಎಂಬ ಸ್ಕ್ರಿಪ್ಟಿನ ಸಾಲುಗಳ ಕ್ರಮವೇ ಸರದಿಯಾಗಿತ್ತು. ಹೊಸ ಸೇವೆ ಬಂದಾಗಲೆಲ್ಲ ಆ ಕಡತವನ್ನೇ ತಿದ್ದಬೇಕಿತ್ತು.

1980ರ ದಶಕದ ಸಿಸ್ಟಮ್ ಫೈವ್ ಯೂನಿಕ್ಸ್ ಈ ಗಂಟನ್ನು ಬಿಡಿಸಿತು. ಪ್ರತಿ ಸೇವೆಗೂ ಬೇರೆ ಸ್ಕ್ರಿಪ್ಟ್, ಪ್ರತಿ ರನ್‌ಲೆವೆಲ್‌ಗೂ (ಯಾವ ಸೇವೆಗಳು ಓಡಬೇಕೆಂದು ನಿಗದಿಪಡಿಸುವ ಸ್ಥಿತಿ) ಒಂದು ಡೈರೆಕ್ಟರಿ, ಅದರೊಳಗೆ ಸರದಿಯನ್ನು ಹೆಸರಿನಲ್ಲೇ ಹೊತ್ತು ಆ ಸ್ಕ್ರಿಪ್ಟುಗಳತ್ತ ತೋರುವ ಕೊಂಡಿಗಳು. ಇದೇ ಪದ್ಧತಿಯನ್ನು ಪಡೆದ ಲಿನಕ್ಸ್‌ನಲ್ಲಿ ಎಸ್10ನೆಟ್‌ವರ್ಕ್ ಮೊದಲು, ಎಸ್55ಎಸ್‌ಎಸ್‌ಎಚ್‌ಡಿ (ದೂರದಿಂದ ಲಾಗಿನ್ ಆಗಲು ಬಿಡುವ ಸೇವೆ) ಆಮೇಲೆ. ಹೆಸರುಗಳು ಅಕ್ಷರಕ್ರಮದಲ್ಲಿ ಜೋಡಣೆಯಾಗುತ್ತಿದ್ದ ಕಾರಣ ಎಸ್9 ಎಂದು ಬರೆದ ಕೊಂಡಿ ಎಸ್10ರ ನಂತರ ಓಡುತ್ತಿತ್ತು. ಎಸ್09 ಎಂದೇ ಬರೆಯಬೇಕಿತ್ತು. ಇದು ಸಣ್ಣ ತೊಡಕು. ದೊಡ್ಡ ಕೊರತೆಯೆಂದರೆ, 55 ಎಂಬ ಅಂಕಿ ಸರದಿಯನ್ನಷ್ಟೇ ಹೇಳುತ್ತಿತ್ತು. ಆ ಸೇವೆ ಯಾರಿಗಾಗಿ ಕಾಯುತ್ತಿದೆ ಎಂಬುದು ಅದನ್ನು ಬರೆದವರ ತಲೆಯಲ್ಲೇ ಉಳಿಯುತ್ತಿತ್ತು.

ಕಾರಣವನ್ನೇ ಬರೆದಿಡುವ ದಾರಿಯನ್ನು 2000ದಲ್ಲಿ ಬಂದ, ಯೂನಿಕ್ಸ್ ಕುಲದ ನೆಟ್‌ಬಿಎಸ್‌ಡಿ 1.5 ಹಿಡಿಯಿತು. ಸ್ಕ್ರಿಪ್ಟಿನ ತಲೆಬರಹದ ಟಿಪ್ಪಣಿಯಲ್ಲಿ ತಾನು ಏನನ್ನು ಒದಗಿಸುತ್ತೇನೆ, ತನಗೆ ಏನು ಬೇಕು ಎಂದು ಸೂಚಿಸಿದರೆ ಆರ್‌ಸಿಆರ್ಡರ್ ಎಂಬ ಸಾಧನ ಸರದಿಯನ್ನು ತಾನೇ ಲೆಕ್ಕ ಹಾಕುತ್ತದೆ. ಅದೇ ಕುಲದ ಫ್ರೀಬಿಎಸ್‌ಡಿಯೂ ಇದನ್ನು ಅಳವಡಿಸಿಕೊಂಡಿತು. 2011ರ ಡೆಬಿಯನ್ 6.0 ಎಂಬ ಲಿನಕ್ಸ್ ವಿತರಣೆ ಇದೇ ತತ್ವದ ಇನ್‌ಸರ್ವ್ ಎಂಬ ಸಾಧನ ಬಳಸಿತು. ಅಲ್ಲಿ ಅಂಕಿಗಳು ಉಳಿದವಾದರೂ ಅವುಗಳನ್ನು ಕೊಡುವವರು ಮನುಷ್ಯರಾಗಿರಲಿಲ್ಲ.

2010ರಲ್ಲಿ ಪ್ರಕಟವಾಗಿ, ಮರುವರ್ಷ ಫೆಡೋರಾ 15 ಎಂಬ ಲಿನಕ್ಸ್ ವಿತರಣೆಯಲ್ಲಿ ನೆಲೆಯೂರಿದ ಸಿಸ್ಟಮ್‌ಡಿ ಎಂಬ ಹೊಸ ಇನಿಟ್ ಇನ್ನೊಂದು ಸೂಕ್ಷ್ಮವನ್ನು ಬೇರ್ಪಡಿಸಿತು: ಬೇಕು ಎನ್ನುವುದು ಬೇರೆ, ನಂತರ ಎನ್ನುವುದು ಬೇರೆ. ಒಂದು ಆ್ಯಪ್‌ಗೆ ಡೇಟಾಬೇಸ್ ಬೇಕೆಂದು ‘ರಿಕ್ವೈರ್ಸ್’ ಮಾತ್ರ ಬರೆದರೆ ಎರಡೂ ಒಟ್ಟಿಗೇ ಹೊರಡುತ್ತವೆ. ‘ಆಫ್ಟರ್’ ಮಾತ್ರ ಬರೆದರೆ, ಡೇಟಾಬೇಸನ್ನು ಬೇರಾರೂ ಕರೆಯದಿದ್ದಾಗ ಆ್ಯಪ್ ಒಂಟಿಯಾಗಿ ಏಳುತ್ತದೆ. ಸಾಮಾನ್ಯವಾಗಿ ಎರಡನ್ನೂ ಬರೆಯಬೇಕು, ಮತ್ತು ಅನೇಕರು ಎಡವುವುದು ಇಲ್ಲಿಯೇ.

ಎರಡನ್ನೂ ಬರೆದ ಮೇಲೂ ಒಂದು ತೊಡಕು ಉಳಿಯುತ್ತದೆ. ‘ಸಿಂಪಲ್’ ಬಗೆಯ ಸೇವೆಯ ಪ್ರಕ್ರಿಯೆ ಹುಟ್ಟಿದೊಡನೆ ಅದು ಆರಂಭವಾಯಿತೆಂದೇ ಸಿಸ್ಟಮ್‌ಡಿ ಪರಿಗಣಿಸುತ್ತದೆ; ಆಗಿನ್ನೂ ಡೇಟಾಬೇಸ್ ಸಂಪರ್ಕಗಳನ್ನು ಸ್ವೀಕರಿಸುವ ತನ್ನ ಪೋರ್ಟ್ ತೆರೆದಿರಲಿಕ್ಕಿಲ್ಲ. ಇದಕ್ಕೆ ಮದ್ದೆಂದು ಸ್ಕ್ರಿಪ್ಟಿನಲ್ಲಿ ‘ಸ್ಲೀಪ್ 10’ (10 ಸೆಕೆಂಡು ಕಾಯುವ ಆದೇಶ) ಸೇರಿಸುವ ರೂಢಿಯಿದೆ. ಆ 10 ಕೂಡ ಹಳೆಯ 55ರಂತೆಯೇ ಕಾರಣ ಹೇಳದ ಅಂಕಿ, ನಿಧಾನಗತಿಯ ಡಿಸ್ಕ್ ಸಿಕ್ಕಿದ ದಿನ ಅದೂ ಸಾಲದು. ‘ನೋಟಿಫೈ’ ಬಗೆಯಲ್ಲಿ, ತಾನು ಸಿದ್ಧವೆಂದು ಸೇವೆಯೇ ತಿಳಿಸುವವರೆಗೆ ಅದರ ನಂತರದವು ಕಾಯುತ್ತವೆ.